ಸಹಾಯ ಬೇಕು: ಬಿದಿರಿನ ಇದ್ದಿಲಿನಿಂದ ಶಾಖ ಸಾಗಿಸುವ ಸೆರಾಮಿಕ್ ನೊರೆ

ಮಾನ್ಯರೇ,

ಬಿದಿರಿನ ಇದ್ದಿಲನ್ನೇ ಅಚ್ಚಾಗಿಟ್ಟುಕೊಂಡು, ಶಾಖವನ್ನು ಕೂಡಿಡುವ ಪ್ಯಾರಫಿನ್ ಮೇಣದೊಳಗೆ ಕೂರಿಸಬಹುದಾದ ರಂಧ್ರಮಯ ಸಿಲಿಕಾನ್ ಕಾರ್ಬೈಡ್-ಇಂಗಾಲದ (ಸಿಲಿಕಾನ್ ಕಾರ್ಬೈಡ್ ಎಂದರೆ ಸಿಲಿಕಾನ್ ಮತ್ತು ಇಂಗಾಲ ಕೂಡಿ ಆಗುವ ಸೆರಾಮಿಕ್) ತುಣುಕುಗಳನ್ನು ತಯಾರಿಸಲು ಪ್ರಯತ್ನಿಸುತ್ತಿದ್ದೇನೆ. ಮೇಣದ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 0.2 ವ್ಯಾಟ್ ಮಾತ್ರವಾದ್ದರಿಂದ, ಅದರೊಳಗೆ ಶಾಖಕ್ಕೆ ದಾರಿ ಮಾಡಿಕೊಡುವ ಜಾಲವೊಂದು ಬೇಕೇ ಬೇಕು.

ಚೆನ್ನಾಗಿ ಒಣಗಿಸಿದ ಬಿದಿರನ್ನು ಆರ್ಗಾನ್ ಅನಿಲದಲ್ಲಿ, ನಿಮಿಷಕ್ಕೆ ಕೇವಲ 2 ಡಿಗ್ರಿಯಂತೆ ಏರಿಸುತ್ತಾ 900 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೂ ಗೆಣ್ಣಿನ ಬಳಿ ಉದ್ದುದ್ದ ಸೀಳು ಬೀಳುತ್ತಿದೆ. ಗೆಣ್ಣು ಬಿಟ್ಟು ಕತ್ತರಿಸಿ ಅದನ್ನು ಹೇಗೋ ನಿಭಾಯಿಸಬಹುದು. ನಿಜವಾದ ತೊಡಕು ಮುಂದಿನ ಹಂತದ್ದು: ಸಿಲಿಕಾನ್ 1,414 ಡಿಗ್ರಿಯಲ್ಲಿ ಕರಗುವುದರಿಂದ, ನಿರ್ವಾತದಲ್ಲಿ 1,500 ಡಿಗ್ರಿಗೆ ಕಾಯಿಸಿ ಇದ್ದಿಲಿಗೆ ಹೀರಿಸುತ್ತಿದ್ದೇನೆ, ಆಗ ದೊಡ್ಡ ನಾಳಗಳು ತೆರೆದೇ ಉಳಿದರೂ ಸಣ್ಣ ರಂಧ್ರಗಳೆಲ್ಲ ಮುಚ್ಚಿಹೋಗಿ, ಮೇಣ ಒಳಹೋಗಲು ಜಾಗವೇ ಸಾಲುತ್ತಿಲ್ಲ. ಹುಟ್ಟುವ ಕಾರ್ಬೈಡ್ ಮೂಲ ಇಂಗಾಲಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಇದು ಸ್ವಲ್ಪಮಟ್ಟಿಗೆ ನಿರೀಕ್ಷಿತವೇ, ಆದರೆ ಇಷ್ಟೊಂದು ಅಲ್ಲ.

ಇಂಗಾಲವೆಲ್ಲ ಕಾರ್ಬೈಡ್ ಆಗಲು ಅದರ ತೂಕದ ಸುಮಾರು 2.34 ಪಟ್ಟು ಸಿಲಿಕಾನ್ ಬೇಕು. ಅದಕ್ಕಿಂತ ಎಷ್ಟು ಕಡಿಮೆ ಹಾಕಿದರೆ ರಂಧ್ರಗಳು ಉಳಿದು, ಶಾಖದ ದಾರಿಯೂ ಎಲ್ಲಿಯೂ ತುಂಡಾಗದಿರುತ್ತದೆ? ದ್ರವದ ಬದಲು ಸಿಲಿಕಾನ್ ಆವಿಯನ್ನು ಬಳಸಿದವರು ಇಲ್ಲಿದ್ದರೆ, ದಯವಿಟ್ಟು ತಮ್ಮ ಅನುಭವವನ್ನು ತಿಳಿಸಬೇಕೆಂದು ಕೋರುತ್ತೇನೆ. ಸೂಕ್ಷ್ಮದರ್ಶಕದ ಚಿತ್ರಗಳು ಬೇಕಿದ್ದರೆ ಹಂಚಿಕೊಳ್ಳುತ್ತೇನೆ.