ಜೇನುಮೇಣದ ಬತ್ತಿ ನಡುವ ಕುಣಿ ಬಿದ್ದು ಆರತೈತಿ, ಚಟಪಟ ಸಿಡೀತೈತಿ. ಏನು ಮಾಡಬೇಕ್ರಿ?

ಪ್ರಶ್ನೆ (ವಿಜಯಪುರ)

ಎಲ್ಲಾರಿಗೂ ನಮಸ್ಕಾರ್ರಿ. ಖಾನಾಪುರ ಕಡೆಯಿಂದ ತರಿಸಿದ ಜೇನುಮೇಣದಾಗ ಮನ್ಯಾಗ ಮೇಣದಬತ್ತಿ ಮಾಡೀನಿ. 7 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರ. ಒಳಗ ಹಾಕಿದ್ದು ದೇವರ ದೀಪಕ್ಕ ಹೊಸೆಯೋ ಹತ್ತಿ ನೂಲು, ನಾಲ್ಕೆಳಿ ಕೂಡಿಸಿ ಹುರಿ ಮಾಡಿದ್ದು. ಹಚ್ಚಿದ ಅರ್ಧ ತಾಸಿನ್ಯಾಗ ನಡುವ ಕುಣಿ ಬೀಳತೈತಿ, ಅಂಚಿನ ಮೇಣ ಹಂಗ ನಿಂತಿರತೈತಿ. ಆಮ್ಯಾಲ ಉರಿ ಸಣ್ಣಾಗಿ ಮುಳುಗಿ ಆರತೈತಿ. ನಡುನಡುವ ಚಟಪಟ ಸಿಡೀತೈತಿ. ಮೇಣ ಸೋಸುವಾಗ ಹಿತ್ತಾಳಿ ಬೋಗುಣಿಯೊಳಗ ಬೋರಿನ ನೀರು ಹಾಕಿ ಕುದಿಸಿದ್ದೆ. ಬಣ್ಣ ಮಂಕಾಗೈತಿ, ಮ್ಯಾಲ ಬೂಷ್ಟಿನಂಗ ಬಿಳಿ ಪುಡಿ ಬಂದೈತಿ. ಮೇಣದಾಗ ಕಲಬೆರಕಿ ಐತೇನ್ರಿ?

ಉತ್ತರ (ಬೆಳಗಾವಿ)

ನಮಸ್ಕಾರ್ರಿ. ಬಿಳಿ ಪುಡಿ ನೋಡಿ ಕಲಬೆರಕೆ ಅನ್ನಬೇಡಿ. ಶುದ್ಧ ಜೇನುಮೇಣದಲ್ಲೇ ಅದು ಏಳುವುದು, ಅದರಲ್ಲೂ ತಂಪು ದಿನಗಳಲ್ಲಿ. ಬೂಷ್ಟಲ್ಲ, ಮೇಣದ್ದೇ ಅಂಶ ಮೇಲ್ಮೈಗೆ ಬಂದು ಕೂತಿರುತ್ತದೆ. ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿದರೆ ಸಾಕು.

ನಿಮ್ಮ ಮುಖ್ಯ ತಪ್ಪು ನೂಲಿನಲ್ಲಿದೆ. ದೀಪದ ಎಣ್ಣೆ ತೆಳ್ಳಗಿರುತ್ತದೆ, ಯಾವ ಹತ್ತಿಯಲ್ಲಾದರೂ ಸಲೀಸಾಗಿ ಏರುತ್ತದೆ. ದೀಪದ ಬತ್ತಿಯನ್ನು ಆಗಾಗ ಕೈಯಿಂದ ಮುಂದೆ ತಳ್ಳುತ್ತೇವೆ ಕೂಡ. ಜೇನುಮೇಣ ಕರಗುವುದೇ 62ರಿಂದ 64 ಡಿಗ್ರಿಗೆ, ಕರಗಿದ ಮೇಲೂ ಅಂಗಡಿಯ ಪೆಟ್ರೋಲಿಯಂ ಮೇಣವಾದ ಪ್ಯಾರಾಫಿನ್‌ಗಿಂತ ಮಂದ. ಹುರಿ ಮಾಡಿದ ನೂಲು ಬಿಗಿಯಾಗಿರುವುದರಿಂದ ಅದನ್ನು ಸಾಕಷ್ಟು ಎಳೆದುಕೊಳ್ಳುವುದಿಲ್ಲ. ಉರಿ ಸಣ್ಣದಾದರೆ ಅಂಚಿನ ಮೇಣಕ್ಕೆ ಶಾಖ ಮುಟ್ಟುವುದಿಲ್ಲ, ಕುಣಿ ಬೀಳುತ್ತದೆ, ಕುಣಿಯಲ್ಲಿ ನಿಂತ ಮೇಣದಲ್ಲಿ ಬತ್ತಿ ಮುಳುಗುತ್ತದೆ.

ಬೇಕಾಗಿರುವುದು ಚೌಕ ಹೆಣಿಗೆಯ ಹತ್ತಿ ಬತ್ತಿ. ಮೇಣದಬತ್ತಿಯ ಸಾಮಾನು ಮಾರುವವರು ದಪ್ಪದ ನಂಬರಿನ ಮೇಲೆ ಕೊಡುತ್ತಾರೆ. ಉರಿಯುವಾಗ ಈ ಹೆಣಿಗೆಯ ತುದಿ ಒಂದು ಕಡೆ ಬಾಗಿ ಜ್ವಾಲೆಯ ಹೊರ ಅಂಚಿಗೆ ಚಾಚುತ್ತದೆ. ಅಲ್ಲಿ ಗಾಳಿ ಸಿಗುವುದರಿಂದ ತುದಿ ಪೂರ್ತಿ ಸುಟ್ಟು ಬೂದಿಯಾಗುತ್ತದೆ. ಹೊಸೆದ ನೂಲು ಜ್ವಾಲೆಯ ನಡುವೆ ನೆಟ್ಟಗೆ ನಿಂತು, ತುದಿಗೆ ಕರಿ ಗಂಟು ಕಟ್ಟಿಕೊಂಡು ಮಸಿ ಬಿಡುತ್ತದೆ. ಹತ್ತಿರದಿಂದ ನೋಡಿದರೆ ಹೆಣಿಗೆಯಲ್ಲಿ ‘ವಿ’ ಆಕಾರದ ಸಾಲು ಕಾಣುತ್ತದೆ. ಆ ‘ವಿ’ ಬಾಯಿ ಮೇಲಕ್ಕೆ ಬರುವಂತೆ ಹಾಕಿ.

ನಂಬರನ್ನಷ್ಟೇ ನಂಬಬೇಡಿ. ಒಂದೇ ಮೇಣ, ಒಂದೇ ಅಚ್ಚು, ಅಕ್ಕಪಕ್ಕದ ಮೂರು ನಂಬರಿನ ಬತ್ತಿ ಹಾಕಿ ಹಚ್ಚಿ ನೋಡಿ. ಎರಡೂವರೆ ತಾಸಿನ ಹೊತ್ತಿಗೆ ಕರಗಿದ ಮೇಣ ಅಂಚಿನಿಂದ ಅರ್ಧ ಸೆಂ.ಮೀ. ಒಳಗೆ ನಿಂತಿದ್ದರೆ ಅದೇ ಸರಿಯಾದ ಬತ್ತಿ. ಅಂಚು ಒಡೆದು ಸುರಿದರೆ ಬತ್ತಿ ದಪ್ಪ, ಕುಣಿ ಬಿದ್ದರೆ ಸಣ್ಣ. ಅಚ್ಚಿಗೆ ಹಾಕುವ ಮುನ್ನ ಬತ್ತಿಯನ್ನು ಕರಗಿದ ಮೇಣದಲ್ಲಿ ಗುಳ್ಳೆ ನಿಲ್ಲುವವರೆಗೆ ಅದ್ದಿ, ನೆಟ್ಟಗೆ ಎಳೆದು ಆರಿಸಿ.

ಮೊದಲ ಸಲ ಹಚ್ಚಿದಾಗ ಒಂದು ಇಂಚು ಅಗಲಕ್ಕೆ ಒಂದು ತಾಸಿನ ಲೆಕ್ಕ. ನಿಮ್ಮದಕ್ಕೆ ಹತ್ತಿರಹತ್ತಿರ ಮೂರು ತಾಸು ಬೇಕು. ಮೊದಲ ಸಲವೇ ಬೇಗ ಆರಿಸಿದರೆ ಆ ಸಣ್ಣ ಕುಣಿಯೇ ಮುಂದೆಯೂ ಆಳವಾಗುತ್ತಾ ಹೋಗುತ್ತದೆ. ಆರಿಸಿದ ಮೇಲೆ ಅಂಚು ಬೆಚ್ಚಗೆ, ಮೆತ್ತಗೆ ಇರುವಾಗಲೇ ಎರಡೂ ಹೆಬ್ಬೆರಳಿನಿಂದ ಸುತ್ತಲೂ ಒಳಕ್ಕೆ ಮೆಲ್ಲಗೆ ಒತ್ತಿ. ಪ್ರತಿ ಸಲ ಹಚ್ಚುವ ಮುಂಚೆ ಬತ್ತಿಯನ್ನು 5–6 ಮಿ.ಮೀ.ಗೆ ಕತ್ತರಿಸಿ.

ಉತ್ತರ (ಬಾಗಲಕೋಟೆ)

ಬತ್ತಿ ವಿಚಾರ ಮ್ಯಾಲಿನವರು ಪೂರಾ ಹೇಳ್ಯಾರ. ಸಿಡಿಯೋದಕ್ಕ, ಬಣ್ಣ ಹೋಗೋದಕ್ಕ ಕಾರಣ ಬ್ಯಾರೆ ಐತ್ರಿ. ಹಿತ್ತಾಳಿ, ತಾಮ್ರ, ಕಬ್ಬಿಣದ ಪಾತ್ರೆಯೊಳಗ ಮೇಣ ಬಣ್ಣ ಕೆಡತೈತಿ. ಸ್ಟೀಲ್ ಇಲ್ಲಾ ಅಲ್ಯೂಮಿನಿಯಂ ಪಾತ್ರೆ ತಗೋರಿ. ಇನ್ನ ಬೋರಿನ ಗಡಸು ನೀರು: ಅದರಾಗಿನ ಸುಣ್ಣದಂಶ ಮೇಣದ ಆಮ್ಲದ ಜೋಡಿ ಕೂಡಿ ಸಾಬೂನಿನಂಥಾದ್ದು ಆಗತೈತಿ, ಮೇಣ ಮಂಕಾಗಿ ನೀರು ಹಿಡಕೊಂತೈತಿ. ಆ ನೀರ ಬತ್ತಿಗೆ ಬಂದಾಗ ಚಟಪಟ ಅಂತೈತಿ. ಮಳಿ ನೀರು ಇಲ್ಲಾ ಫಿಲ್ಟರ್ ನೀರು ಬಳಸ್ರಿ.

ಈಗ ಇರೋ ಮೇಣದಬತ್ತಿ ಒಡೆದು, ನೂಲು ತಗದು ಮತ್ತ ಕರಗಸ್ರಿ. ಮೇಣದ ಪಾತ್ರೆ ಒಲಿ ಮ್ಯಾಲ ಸೀದಾ ಇಡಬ್ಯಾಡ್ರಿ. ದೊಡ್ಡ ಪಾತ್ರೆಯೊಳಗಿನ ಬಿಸಿನೀರಿನ್ಯಾಗ ಕೂಡಸ್ರಿ. 70ರಿಂದ 75 ಡಿಗ್ರಿ ಸಾಕು, 85 ದಾಟಿದ್ರ ಮೇಣ ಕರ್ರಗಾಗಾಕ ಹತ್ತತೈತಿ. ಹತ್ತಿಬಟ್ಟಿಯೊಳಗ ಸೋಸಿ, ಸಣ್ಣ ಬಿಸಿಯೊಳಗ ಒಂದು ತಾಸು ಕದಡದಂಗ ಬಿಡ್ರಿ. ನೀರು, ಜೇನು, ಪರಾಗದ ಗಷ್ಟು ಎಲ್ಲಾ ತಳಕ್ಕ ಕೂಡತೈತಿ. ಮ್ಯಾಲಿಂದಷ್ಟ ಅಚ್ಚಿಗೆ ಹೊಯ್ದು, ತಳದ ಒಂದು ಬೆರಳು ಬಿಡ್ರಿ. ಆ ಗಷ್ಟ ಬತ್ತಿಗೆ ಹತ್ತಿದ್ರ ರಂಧ್ರ ಮುಚ್ಚಿ ಎಂಥಾ ಛಲೋ ಬತ್ತಿನೂ ಆರತೈತಿ.

ಮೇಣಕ್ಕ ಬೆಂಕಿ ಹತ್ತಿದ್ರ ನೀರು ಹಾಕಲೇಬ್ಯಾಡ್ರಿ. ನೀರು ಒಮ್ಮೆಲೇ ಉಗಿಯಾಗಿ ಉರಿಯೋ ಮೇಣನ ಸುತ್ತ ಎರಚತೈತಿ. ಗ್ಯಾಸ್ ಬಂದ್ ಮಾಡಿ ಸ್ಟೀಲ್ ತಾಟು ಮುಚ್ರಿ, ಪಾತ್ರೆ ಎತ್ತಾಕ ಹೋಗಬ್ಯಾಡ್ರಿ. ಪೂರಾ ಆರೋತನಕ ಮುಚ್ಚಳ ತಗೀಬ್ಯಾಡ್ರಿ.

ಮರುಪ್ರಶ್ನೆ (ವಿಜಯಪುರ)

ಇಬ್ಬರಿಗೂ ಭಾಳ ಉಪಕಾರ ಆತ್ರಿ. ಹೆಚ್ಚಾಗಿ ಕರೆಂಟ್ ಹೋದಾಗ ಹಚ್ಚತೀವಿ. ಹಳೀ ಮನಿ, ಗ್ವಾಡಿಯೊಳಗ ಗೂಡು ಅದಾವು, ಅಲ್ಲಿ ಇಡಬಹುದೇನ್ರಿ? ಬ್ಯಾಸಗಿಯೊಳಗ ಉಳಿದ ಬತ್ತಿ ಹೆಂಗ ಇಡೋದು?

ಉತ್ತರ (ಬೆಳಗಾವಿ)

ಗೂಡಿನಲ್ಲಿ ಗಾಳಿ ಬೀಸುವುದಿಲ್ಲ ನಿಜ, ಆದರೆ ಶಾಖ ಮೇಲೆ ತಟ್ಟಿ ಒಳಗೇ ನಿಲ್ಲುತ್ತದೆ. ಅದರಿಂದ ಮೇಣದಬತ್ತಿಯ ಮೈಯೆಲ್ಲ ಮೆತ್ತಗಾಗಿ ಅಂಚು ಕುಸಿಯುತ್ತದೆ. ಎತ್ತರವಿರುವ ಸಮತಟ್ಟು ಜಾಗದಲ್ಲಿ, ಅಂಚಿರುವ ಸ್ಟೀಲ್ ತಾಟಿನ ಮೇಲೆ ಇಡಿ. ಪರದೆ, ಸೊಳ್ಳೆ ಪರದೆ, ಕಾಗದ ಎಲ್ಲ ಕಡಿಮೆಯೆಂದರೂ ಒಂದು ಅಡಿ ದೂರ ಇರಲಿ. ಸೀರೆ ಸೆರಗು ಹಾಯುವ ದಾರಿಯಲ್ಲಿ ಬೇಡವೇ ಬೇಡ.

ಕರೆಂಟ್ ಹೋದಾಗ ಹಚ್ಚುವವರು ಮೊದಲು ಫ್ಯಾನಿನ ಸ್ವಿಚ್ ಬಂದ್ ಮಾಡಿ. ಇದನ್ನು ಬಹಳ ಜನ ಮರೆಯುತ್ತಾರೆ. ಕರೆಂಟ್ ಬಂದ ಕೂಡಲೇ ಫ್ಯಾನ್ ತಾನಾಗಿ ತಿರುಗಿ ಜ್ವಾಲೆ ಅಡ್ಡ ಬಾಗುತ್ತದೆ, ಮಸಿ ಏಳುತ್ತದೆ, ಪಕ್ಕದ ಪರದೆಯೂ ಹಾರಿ ಬಂದು ತಾಗಬಹುದು. ಮಲಗುವ ಮುಂಚೆ, ಕೋಣೆ ಬಿಡುವ ಮುಂಚೆ ಆರಿಸಿ. ಊದುವ ಬದಲು ಸಣ್ಣ ಕಡ್ಡಿಯಿಂದ ಬತ್ತಿಯನ್ನು ಕರಗಿದ ಮೇಣದಲ್ಲಿ ಅದ್ದಿ ಮತ್ತೆ ನೆಟ್ಟಗೆ ನಿಲ್ಲಿಸಿ. ಹೊಗೆ ಬರುವುದಿಲ್ಲ, ಮುಂದಿನ ಸಲ ಬೇಗ ಹತ್ತುತ್ತದೆ. ತಳದಲ್ಲಿ ಒಂದೂವರೆ ಸೆಂ.ಮೀ. ಉಳಿದಾಗ ನಿಲ್ಲಿಸಿ, ಆ ತುಂಡನ್ನು ಮುಂದಿನ ಸಲದ ಮೇಣಕ್ಕೆ ಸೇರಿಸಿ.

ವಿಜಯಪುರದ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆ ಶಾಖಕ್ಕೆ ಜೇನುಮೇಣ ಕರಗದಿದ್ದರೂ ಬಾಗುತ್ತದೆ, ಒಂದಕ್ಕೊಂದು ಅಂಟುತ್ತದೆ. ಪತ್ರಾಸಿನ ಕೆಳಗೆ, ಅಟ್ಟದ ಮೇಲೆ ಇಡಬೇಡಿ. ಒಂದೊಂದನ್ನೂ ಹತ್ತಿಬಟ್ಟೆಯಲ್ಲಿ ಸುತ್ತಿ, ಮಲಗಿಸಿ, ನೆಲಕ್ಕೆ ಹತ್ತಿರದ ಕಪಾಟಿನಲ್ಲಿ ಇಡಿ. ಫ್ರಿಜ್ ಬೇಡ, ದಪ್ಪ ಮೇಣದಬತ್ತಿ ಬಿರುಕು ಬಿಡುತ್ತದೆ. ಸಣ್ಣ ಮೇಣದಬತ್ತಿ ಸೊಟ್ಟಗಾಗಿದ್ದರೆ ಕೈ ತಡೆಯುವಷ್ಟು ಬಿಸಿ ನೀರಲ್ಲಿ ಕೆಲ ನಿಮಿಷ ಮುಳುಗಿಸಿ, ನುಣುಪಾದ ಕಲ್ಲಿನ ಮೇಲೆ ಅಂಗೈಯಿಂದ ಉರುಳಿಸಿ. ಬತ್ತಿಯಲ್ಲಿ ಹಿಡಿದ ನೀರು ಒಣಗಲು ಒಂದು ದಿನ ಬಿಟ್ಟು ಆಮೇಲೆ ಹಚ್ಚಿ.