ಲೈಬ್ರರಿಯಿಂದ ತಂದ ಹಳೇ ಹೆಣಿಗೆ ಪುಸ್ತಕ, ಅಳತೆಯೇ ಕೂಡ್ತಿಲ್ಲ

ಹೊಸಕುಣಿಕೆ:
ಎಲ್ಲರಿಗೂ ನಮಸ್ಕಾರ. ಹೆಣಿಗೆ ಶುರು ಮಾಡಿ ಆರು ತಿಂಗಳಾಯಿತು. ಮಫ್ಲರ್, ಟೋಪಿ ಆಗಿದೆ. ಈಗ ಲೈಬ್ರರಿಯಿಂದ ಮೂರು ಪುಸ್ತಕ ತಂದಿದ್ದೇನೆ, ಅದರಲ್ಲಿ ಒಂದು ತುಂಬಾ ಹಳೆಯದು, ಹಾಳೆಯೆಲ್ಲ ಹಳದಿಯಾಗಿದೆ, ಆದರೆ ಅದರಲ್ಲಿರುವ ಒಂದು ಸ್ವೆಟರ್ ಎಷ್ಟು ಹಿಡಿಸಿತೆಂದರೆ ಉಳಿದ ಎರಡನ್ನು ಬಿಚ್ಚಿಯೂ ನೋಡಿಲ್ಲ. 8ನೇ ನಂಬರ್ ಕಡ್ಡಿ ಎಂದಿತ್ತು. ನನ್ನ ಹತ್ತಿರವೂ 8 ಎಂದು ಬರೆದ ಕಡ್ಡಿ ಇತ್ತು, ಅದರಲ್ಲೇ ಹಾಕಿದೆ. ಎದೆ ಸುತ್ತಳತೆ 36 ಇಂಚು ಬರಬೇಕಿತ್ತು, 44 ಬಂದಿದೆ! ಸ್ಟಿಚ್ ಮೂರು ಸಲ ಎಣಿಸಿದೆ, 198 ಸರಿಯಾಗಿಯೇ ಇದೆ. ಹಳೇ ಪುಸ್ತಕ ನಂಬಬಾರದಾ? ಇನ್ನೊಂದು ಸಲ ಹೋದಾಗ ಎಂಥ ಪುಸ್ತಕ ಆರಿಸಲಿ?

ಉಣ್ಣೆಉಂಡೆ:
ಇಂಚಿಗೆ ಎಷ್ಟು ಸ್ಟಿಚ್ ಬರಬೇಕು ಅನ್ನುವ ಲೆಕ್ಕಕ್ಕೆ ಪುಸ್ತಕದಲ್ಲಿ 'ಟೆನ್ಶನ್' ಎಂದಿದೆಯಾ, 'ಗೇಜ್' ಎಂದಿದೆಯಾ ನೋಡಿ. ಟೆನ್ಶನ್ ಎಂದಿದ್ದರೆ ಹೆಚ್ಚುಕಮ್ಮಿ ಬ್ರಿಟನ್ನಿನ ಪುಸ್ತಕ. ಅಲ್ಲಿನ ಹಳೇ ಲೆಕ್ಕದಲ್ಲಿ 8 ಅಂದರೆ 4 ಮಿ.ಮೀ. ಕಡ್ಡಿ, ಅಮೆರಿಕದ 8 ಅಂದರೆ 5 ಮಿ.ಮೀ. ಬ್ರಿಟನ್ನಿನದರಲ್ಲಿ ನಂಬರ್ ಏರಿದಷ್ಟೂ ಕಡ್ಡಿ ತೆಳು, ಅಮೆರಿಕದಲ್ಲಿ ಪೂರಾ ಉಲ್ಟಾ. ಹೆಣೆದದ್ದನ್ನು ಎಳೆಯದೆ ಸಮತಟ್ಟಾಗಿ ಹಾಸಿ ಇಂಚಿಗೆ ಎಷ್ಟು ಸ್ಟಿಚ್ ಬಂದಿದೆ ಎಣಿಸಿ ಹೇಳಿ.

ಹೊಸಕುಣಿಕೆ:
ಟೆನ್ಶನ್ ಅಂತಲೇ ಇದೆ! ಇಂಚಿಗೆ ಐದೂವರೆ ಬೇಕಂತೆ, ನನ್ನದು ನಾಲ್ಕೂವರೆ. 198ನ್ನು ನಾಲ್ಕೂವರೆಯಿಂದ ಭಾಗಿಸಿದರೆ ಸರಿಯಾಗಿ 44. ಎಷ್ಟು ದಿನದಿಂದ ತಲೆ ಕೆಡಿಸಿಕೊಂಡಿದ್ದೆ.

ಸಾಲುಸಾಲು:
ಆರಿಸುವ ವಿಷಯಕ್ಕೆ ಬಂದರೆ, ನಾನು ಮುಖಪುಟ ನೋಡುವುದೇ ಇಲ್ಲ. ಪ್ರತಿ ಉಡುಪಿಗೂ ಅಳತೆ ಬರೆದ ಗೆರೆಚಿತ್ರ ಇದೆಯಾ, ಭುಜ ಮತ್ತು ಕಂಕುಳ ಫೋಟೋದಲ್ಲಿ ಕಾಣುತ್ತದಾ, ಅಷ್ಟು ನೋಡುತ್ತೇನೆ. ಹಾಕಿಕೊಂಡವರು ಎಲ್ಲ ಫೋಟೋದಲ್ಲೂ ಕೈ ಕಟ್ಟಿ ನಿಂತಿದ್ದರೆ ಆ ಸ್ವೆಟರ್ ಹೇಗೆ ಕೂರುತ್ತದೆ ಅಂತ ಗೊತ್ತಾಗಲ್ಲ. ಮತ್ತೆ ಬರೀ ವಿನ್ಯಾಸಗಳ ಸಂಗ್ರಹ ಇರುವ ಪುಸ್ತಕ ಒಂದಾದರೂ ತನ್ನಿ. ಅಮೆರಿಕದ ಹೆಣಿಗೆ ಲೇಖಕಿ ಬಾರ್ಬರಾ ವಾಕರ್ 1968ರಲ್ಲಿ ತಂದ ಸಂಗ್ರಹ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ಜಡೆ ವಿನ್ಯಾಸಕ್ಕೆ ಕಾಲದ ಹಂಗಿಲ್ಲ, ಫ್ಯಾಷನ್ ಹಳತಾಗುವುದು ಕಾಲರಿಗೆ, ತೋಳಿಗೆ. ಪುಸ್ತಕಗಳನ್ನು ವಿಷಯವಾರು ನಂಬರ್ ಹಾಕಿ ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿ ಇರುವ ಲೈಬ್ರರಿಯಾದರೆ ಹೆಣಿಗೆಗೆ 746.43 ಹುಡುಕಿ, ಕ್ರೋಶಾ ಕೂಡ ಅಲ್ಲೇ ಸಿಗುತ್ತದೆ, ಪಕ್ಕದ 746.44 ಕಸೂತಿಯದು.

ನೂಲಿನೆಳೆ:
ಒಂದು ಮಾತು, ದಯವಿಟ್ಟು ಪುಸ್ತಕದ ಮೇಲೆ ಸಾಲು ಟಿಕ್ ಮಾಡಬೇಡಿ. ಬೇಕಾದ ಪುಟ ನಿಮ್ಮ ಮಟ್ಟಿಗೆ ಜೆರಾಕ್ಸ್ ಮಾಡಿಸಿಕೊಂಡು ಅದರ ಮೇಲೆ ಗೀಚಿ. ಬಣ್ಣದ ಚಾರ್ಟ್ ಆದರೆ ಕಲರ್ ಜೆರಾಕ್ಸೇ ಬೇಕು, ಕಪ್ಪುಬಿಳುಪಿನಲ್ಲಿ ಕೆಂಪು, ಹಸಿರು ಎರಡೂ ಒಂದೇ ಬೂದು. ಹೀಗೆ ಹೇಳುತ್ತೇನಾದರೂ, ನಾನು ತಂದ ಒಂದು ಪುಸ್ತಕದಲ್ಲಿ 23ನೇ ಸಾಲಿನ ಪಕ್ಕ ಯಾರೋ ಸಣ್ಣಗೆ ಪೆನ್ಸಿಲಿನಲ್ಲಿ '2 ಅಲ್ಲ, 3' ಅಂತ ಬರೆದಿದ್ದರು. ಕೂತು ಲೆಕ್ಕ ಹಾಕಿದರೆ ಅವರು ಬರೆದದ್ದೇ ಸರಿ. ಆ ಪುಣ್ಯಾತ್ಮರಿಂದ ನನ್ನ ಒಂದು ವಾರದ ಕೆಲಸ ಉಳಿಯಿತು.

ಹೊಸಕುಣಿಕೆ:
ಬಿಚ್ಚಿಬಿಟ್ಟೆ. ನೂಲೆಲ್ಲ ಸುರುಳಿಸುರುಳಿಯಾಗಿದೆ, ಹಾಗೇ ಹೆಣೆಯಬಹುದಾ?

ಉಣ್ಣೆಉಂಡೆ:
ಬೇಡ. ಲಡಿ ಮಾಡಿ ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಹಿಂಡದೆ ನೇತು ಹಾಕಿ. ಒಣಗುವಷ್ಟರಲ್ಲಿ ನೇರವಾಗುತ್ತದೆ. ಆಮೇಲೆ 4 ಮಿ.ಮೀ. ಕಡ್ಡಿಯಲ್ಲಿ ಮೊದಲು ಅಂಗೈಯಗಲದ ತುಂಡು ಹಾಕಿ ಅಳೆಯಿರಿ.

ಹೊಸಕುಣಿಕೆ:
ಸರಿ ಅಕ್ಕ. ಪುಸ್ತಕ ನಾಳೆಯೇ ರಿನ್ಯೂ ಮಾಡಿಸುತ್ತೇನೆ.