ಪಿಸಿವಿ ಲಸಿಕೆ ಮೂರು ಸಲ ಬೇಕಾ?

ಮಗಳಿಗೆ ಆರು ವಾರ. ನಿನ್ನೆ ಅಂಗನವಾಡಿಯಲ್ಲಿ ಪಿಸಿವಿ, ಅಂದರೆ ನ್ಯುಮೋಕಾಕಸ್ ಲಸಿಕೆ, ಹಾಕಿಸಿದೆ. ತೊಡೆ ಕೆಂಪಾಗಿದೆ, ರಾತ್ರಿಯಿಡೀ ನನ್ನ ಎದೆಗೆ ಅಂಟಿಕೊಂಡೇ ಮಲಗಿದ್ದಳು. ಕಾರ್ಡಿನಲ್ಲಿ ಇನ್ನೂ ಎರಡು ಸಲ ಇದೆ. ಅಷ್ಟೊಂದು ಬೇಕಾ?

ಉತ್ತರ: ಬೇಕೇ ಬೇಕಮ್ಮ. ನಾನು ಮಕ್ಕಳ ವಾರ್ಡಿನ ನರ್ಸ್. 14 ವಾರಕ್ಕೊಂದು, 9 ತಿಂಗಳಿಗೆ ಬೂಸ್ಟರ್. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾಕ್ಕೆ ಸಕ್ಕರೆಯಂಥ ಹೊದಿಕೆ ಇರುತ್ತೆ. ಎಳೆ ಮಕ್ಕಳ ಮೈಗೆ ಅದರ ಗುರುತು ಸರಿಯಾಗಿ ಹತ್ತುವುದಿಲ್ಲ. ಗುರುತು ಹತ್ತಲಿ ಅಂತಲೇ ಈ ಲಸಿಕೆಯಲ್ಲಿ ಆ ಹೊದಿಕೆಯ ಸಕ್ಕರೆಯನ್ನು ಪ್ರೋಟೀನಿಗೆ ಜೋಡಿಸಿರುತ್ತಾರೆ. ನ್ಯುಮೋನಿಯಾ ಆದ ಕೂಸು ಉಸಿರೆಳೆದಾಗ ಪಕ್ಕೆ ಒಳಗೆ ಹೋಗುವುದನ್ನು ನೋಡಿದ್ದೇನೆ, ಮರೆಯೋಕಾಗಲ್ಲ. ಜ್ವರ ಬಂದರೆ, ಹಾಲು ಬಿಟ್ಟರೆ ತಡಮಾಡದೆ ಡಾಕ್ಟರಿಗೆ ತೋರಿಸಿ.

ಇನ್ನೊಂದು ಉತ್ತರ: ಅಮೆರಿಕದಲ್ಲಿ 2000ದಲ್ಲಿ ಮಕ್ಕಳಿಗೆ ಪಿಸಿವಿ ಶುರುಮಾಡಿದ ಮೇಲೆ ಅಜ್ಜ-ಅಜ್ಜಿಯರಲ್ಲೂ ನ್ಯುಮೋಕಾಕಸ್ ಕಾಯಿಲೆ ಕಡಿಮೆಯಾಯಿತು. ಮಕ್ಕಳ ಮೂಗಿನಿಂದಲೇ ಹರಡುವುದು ಜಾಸ್ತಿ, ಅಲ್ವಾ?

ಥ್ಯಾಂಕ್ಸ್ ಅಕ್ಕ. ಮನೆಯಲ್ಲಿ ಅತ್ತೆಗೆ 70. ಮುಂದಿನ ತಾರೀಖು ಕ್ಯಾಲೆಂಡರಿನಲ್ಲಿ ಬರೆದಿಟ್ಟೆ.